ಕನಿಷ್ಠ ಎಂಟು ಅಕ್ಷರ

ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ
ಕೊಬ್ಬರಿ ಮಂಡಿಗೆ ತಿರುಗುವ ಮೂಲೆಗೆ ನನ್ನ ಅಂಗಡಿ.
ಜೆರಾಕ್ಸು, ಲ್ಯಾಮಿನೇಶನ್ನು, ಆನ್‌ಲೈನ್ ಅರ್ಜಿ.
ಬೋರ್ಡಿನ ಮೇಲೆ 'ಸೈಬರ್' ಎಂದಿತ್ತು,
ಬಿಸಿಲಿಗೆ ಉಳಿದದ್ದು 'ಬರ್'.
ಜನ ಬರುತ್ತಾರೆ.

ದಿನಕ್ಕೆ ಇಪ್ಪತ್ತು ಸಲ ನನ್ನದು ಒಂದೇ ಮಂತ್ರ:
ಎಂಟಕ್ಕೆ ಕಡಿಮೆ ಇರಬಾರದು, ಒಂದು ದೊಡ್ಡಕ್ಷರ ಬೇಕು,
ಒಂದು ಅಂಕಿ, ಒಂದು ಚಿಹ್ನೆ.
"ಚಿಹ್ನೆ ಅಂದ್ರೆ? ಕೈಯಾ, ಕಮಲವಾ, ತೆನೆ ಹೊತ್ತ ಹೆಂಗಸಾ?"
ಕೇಳಿದರು ಗಂಡಸಿಯ ಗುರುಶಾಂತಪ್ಪ.
ಅಲ್ಲ ಯಜಮಾನ್ರೇ, ಇದು, ಬಸವನಹುಳು ಮುದುರಿದ ಹಾಗಿದೆಯಲ್ಲ, ಇದು.

ದೊಡ್ಡಕ್ಷರದ್ದು ಇನ್ನೊಂದು ತಕರಾರು.
ನಾವು ಕಲಿತದ್ದರಲ್ಲಿ ದೊಡ್ಡದು ಚಿಕ್ಕದು ಎಂಬುದಿಲ್ಲ.
ಒತ್ತು ಬಂದರೆ ಒಂದು ಇನ್ನೊಂದರ ಕಾಲಬಳಿ ಕೂರುತ್ತದೆ,
ಅಷ್ಟೇ. ಕೂತದ್ದಕ್ಕೂ ಉಸಿರಿದೆ.

'ಯಾರಿಗೂ ಹೇಳಬೇಡಿ' ಎಂದು ಪರದೆಯಲ್ಲೇ ಇರುತ್ತದೆ.
ಓದಿ ಹೇಳುತ್ತೇನೆ. ತಲೆಯಾಡಿಸಿ
ಸ್ಟೇಷನ್ನಿನ ಅನೌನ್ಸ್‌ಮೆಂಟಿಗಿಂತ ಜೋರಾಗಿ ಹೇಳುತ್ತಾರೆ:
ಎಮ್ಮೆಯ ಹೆಸರು, ಅದು ಸತ್ತ ಇಸವಿ.
ಬೋರ್‌ವೆಲ್ಲಿನ ನೀರು ಎಷ್ಟಡಿಗೆ ಸಿಕ್ಕಿತು.
ಪಿಯುಸಿ ಹುಡುಗನೊಬ್ಬ ಮಾತ್ರ ಪಿಸುಗುಟ್ಟಿದ, ಏ, ಎಸ್, ಎಚ್.
ಎದುರು ಬೇಕರಿಯಲ್ಲಿ ಆಶಿಯಾ ಬನ್ನು ಕಟ್ಟುತ್ತಿದ್ದಳು.
ನಾನು ತಲೆಯೆತ್ತಲಿಲ್ಲ.

ಎಲ್ಲವೂ ಈ ಉದ್ದ ನೋಟ್‌ಬುಕ್ಕಿನಲ್ಲಿದೆ. ತಪ್ಪು, ಗೊತ್ತು.
ಮರೆತವರು ಇಲ್ಲಿಗೇ ಬರಬೇಕಲ್ಲ.
ರಾತ್ರಿ ಮನೆಗೊಯ್ದು ಅಕ್ಕಿ ಡಬ್ಬದೊಳಗೆ ಹೂತಿಡುತ್ತೇನೆ.

ಗೌರಿ ಹಬ್ಬಕ್ಕೆ ವಾರವಿದ್ದಾಗ ಹಾರನಹಳ್ಳಿಯ ನಿಂಗಾಜಮ್ಮ ಬಂದರು.
ನಾರಿನ ಫ್ಯಾಕ್ಟರಿಯಲ್ಲಿ ಕೆಲಸ. ಅಂಗೈ ಪೂರ್ತಿ ಕಂದು.
ಮಗಳು ಬಿಟ್ಟ ಫೋನು, ಗಾಜಿಗೆ ಸೆಲ್ಲೋಟೇಪು.
"ನಂದೇ ಅಂತ ಒಂದು ಈಮೇಲು ಮಾಡ್ಕೊಡವ್ವ."
ಪಾಸ್‌ವರ್ಡು ಏನಿಡಲಿ, ಪೆನ್ನಿನ ಕ್ಯಾಪು ತೆಗೆದೆ.
"ನಾನೇ ಒತ್ತೀನಿ. ನೀ ಆ ಕಡೆ ತಿರುಕ್ಕೊ."

ಹದಿಮೂರು ವರ್ಷದಲ್ಲಿ ಮೊದಲ ಸಲ
ನನ್ನಂಗಡಿಯ ಗೋಡೆಯನ್ನು ನಾನು ನೋಡಿದೆ.
ಸುಣ್ಣ ಕಾಣಿಸಬೇಕಿತ್ತು.
ಬೆನ್ನ ಹಿಂದೆ ಒಂದೇ ಬೆರಳು. ಟಕ್.
ಬಹಳ ಹೊತ್ತು ಏನೂ ಇಲ್ಲ.
ಟಕ್.
ಸಾಲಿನಲ್ಲಿದ್ದವರು ಕೆಮ್ಮಿದರು. ಆಕೆ ಕೇಳಿಸಿಕೊಳ್ಳಲಿಲ್ಲ.

ಎರಡು ದಿನಕ್ಕೆ ಮರೆತು ಬಂದರು.
ಬೇರೆ ನಂಬರಿದ್ದರೆ ಕೊಡಿ, ಅದಕ್ಕೊಂದು ಓಟಿಪಿ ಬರುತ್ತೆ.
ಇತ್ತು, ಗಂಡನದು.
"ಬ್ಯಾಡ. ಹೊಸದು ಮಾಡು."
ನಿಂಗಾಜಮ್ಮ ಒಂದು, ನಿಂಗಾಜಮ್ಮ ಎರಡು, ನಿಂಗಾಜಮ್ಮ ಮೂರು.
ಪ್ರತಿ ಸಲ ಮೂವತ್ತು ರೂಪಾಯಿ ಎಣಿಸಿಟ್ಟು, "ತಿರುಕ್ಕೊ."
ಯಾರಿಗೆ ಬರೀತೀರಿ, ಕೇಳಿಯೇಬಿಟ್ಟೆ.
"ಯಾರ್ಗೂ ಇಲ್ಲ. ನಂಗೇ ಕಳಿಸ್ಕೋತೀನಿ.
ಇವತ್ತು ಎಷ್ಟು ಕಂತೆ, ಎಷ್ಟು ಕೊಟ್ರು, ಎಷ್ಟು ಹಿಡ್ಕೊಂಡ್ರು."

ನಾಲ್ಕನೆಯದು ಮರೆಯಲಿಲ್ಲ. ಮೊನ್ನೆ ಬಂದು
ನನ್ನ ಕಂಪ್ಯೂಟರಿನಲ್ಲೇ ತೆರೆದು ತೋರಿಸಿದರು,
ತಮ್ಮಿಂದ ತಮಗೆ ನಲವತ್ತೊಂದು ಪತ್ರ.
ಮೇಸ್ತ್ರಿಗೆ ತೋರಿಸಲು ಪ್ರಿಂಟು ಬೇಕಂತೆ.
ಕಾಗದ ಒಂದೊಂದಾಗಿ ಬಿಸಿಬಿಸಿ ಹೊರಬಿತ್ತು,
ಮಡಚದೆ ಸೆರಗಿನೊಳಗಿಟ್ಟು ನಡೆದರು.

ನೋಟ್‌ಬುಕ್ಕಿನಲ್ಲಿ ಆಕೆಯ ಹೆಸರಿನ ಮುಂದೆ ಖಾಲಿ.
ಅದರ ಕೆಳಗೆ ನನ್ನ ಹೆಸರು ಬರೆದೆ, ವೇದಾವತಿ.
ನನ್ನ ಪಾಸ್‌ವರ್ಡು ಬೇಕರಿಯವರಿಗೂ ಗೊತ್ತು:
ಅಂಗಡಿಯ ಹೆಸರು, ಒಂದು, ಎರಡು, ಮೂರು.
ಶಟರು ಅರ್ಧ ಎಳೆದು ಕೂತೆ,
ಯಾರೂ ಕಾಣದಿದ್ದರೂ ಕೀಬೋರ್ಡಿಗೆ ಕೈ ಅಡ್ಡ ಹಿಡಿದು.
ಎಂಟೇ ಅಕ್ಷರ.
ಬೆರಳಿಗೆ ಬಂದದ್ದೆಲ್ಲ
ಯಾರದೋ ಎಮ್ಮೆ, ಯಾರದೋ ನೀರು.