ಹೆಜ್ಜೆ ಇಡಬೇಡ, ಪುತಾ

ದಕ್ಕೆಯ ಐಸ್ ಪ್ಲಾಂಟಿನಲ್ಲಿ ರಾತ್ರಿ ಪಾಳಿ ಮುಗಿಸಿ
ಜೆಪ್ಪುವಿನ ಬಾಡಿಗೆ ಕೋಣೆಗೆ ಬಂದರೆ
ಕಂಪ್ರೆಸರಿನ ಗುಂಯ್ ಇನ್ನೂ ಕಿವಿಯಲ್ಲೇ ಇರುತ್ತದೆ,
ಅಂಗಿಯಲ್ಲಿ ಬಂಗುಡೆ.
ನಿದ್ದೆ ಹತ್ತುವ ತನಕ ಹಳೇ ಟೀವಿಯಲ್ಲಿ ಆಟ:
ಒಬ್ಬ ಸವಾರ, ಒಂದು ಹಿಮದ ಕಣಿವೆ,
ದಾರಿಯಲ್ಲಿ ಕೊಲ್ಲಲು ಸಾಕಷ್ಟು ಜನ.

ಕೆಳಗಿನ ಮನೆಯ ಬೊನಾಬ್, ಎಂಬತ್ತೊಂದು ವರ್ಷ,
ಒಂದು ಬೆಳಿಗ್ಗೆ ಬಾಗಿಲು ತಟ್ಟಿದರು.
ಬೈಯಲು ಬಂದದ್ದೆಂದು ವಾಲ್ಯೂಮು ಇಳಿಸಿದೆ.
"ಎಂತಕ್ಕೆ ಸಣ್ಣ ಮಾಡಿದ್ದು ಮಾರಾಯ?
ಅದರೊಳಗೆ ಯಾರೋ ಎರಡನೇ ಪಿಟೀಲು
ಚಂದ ಬಾರಿಸ್ತಾ ಇದ್ದಾರೆ."

ಅಲ್ಲಿ ಪಿಟೀಲು ಉಂಟೆಂದೇ ನನಗೆ ಗೊತ್ತಿರಲಿಲ್ಲ.
ಕತ್ತಿಯ ಸದ್ದು ಗೊತ್ತಿತ್ತು, ಗೊರಸಿನದು,
ಸಾಯುವಾಗ ನಾನು ಹಾಕುವ ಕೂಗು.

ಇಪ್ಪತ್ತೆರಡು ವರ್ಷ ಬೊಂಬಾಯಿಯಲ್ಲಿ
ಸಿನೆಮಾ ಆರ್ಕೆಸ್ಟ್ರಾದ ನಾಲ್ಕನೇ ಸಾಲಲ್ಲಿ ಕೂತವರು ಬೊನಾಬ್.
ಮಳೆ ಅಂದರೆ ಮಳೆ, ತಾಯಿ ಸತ್ತರೆ ತಾಯಿ,
ಕಾರು ಕಣಿವೆಗೆ ಬಿದ್ದರೆ
ಮೂವತ್ತು ಪಿಟೀಲೂ ಜೊತೆಗೆ ಕಣಿವೆಗೆ.
ಯಾವ ಸಿನೆಮಾ ಎಂದು ಯಾರೂ ಹೇಳುತ್ತಿರಲಿಲ್ಲ.
ಕೈಗೊಂದು ಕಾಗದ, ಮೇಲೊಂದು ಲೆಕ್ಕ:
ಹದಿನೇಳು ಸೆಕೆಂಡು ದುಃಖ,
ಬಾಗಿಲು ಬಡಿದ ಕೂಡಲೇ ಬಂದ್.
"ಆ ಬಾಗಿಲನ್ನು ನಾವು ನೋಡಿದ್ದೇ ಇಲ್ಲ.
ಪರದೆಗೆ ನಮ್ಮ ಬೆನ್ನು,
ಮುಖ ಏನಿದ್ದರೂ ಆ ಕೋಲಿಗೆ."

ರಜೆಗೆ ಬಂದಾಗ ಹಂಪನಕಟ್ಟೆಯ ಟಾಕೀಸಿನಲ್ಲಿ
ಹೆಂಡತಿ ಸೆವ್ರಿನಾಳ ಪಕ್ಕ ಕೂತು
ಆ ಬಾಗಿಲಿಗಾಗಿ ಕಾದರಂತೆ.
"ಈಗ, ಈಗ, ಇದು ನಾನು!" ಎಂದು ತಿವಿದರೆ
ಯಾರೋ ಪುಣ್ಯಾತ್ಮರು ಅದರ ಮೇಲೆ ಗುಡುಗು ಸುರಿದಿದ್ದರು.
ಕೇಳಿದ್ದು ನಾಲ್ಕೇ ಸೆಕೆಂಡು.
ಸೆವ್ರಿನಾ ಕೇಳಿದಳಂತೆ: "ಎಲ್ಲಿ? ಯಾವುದು?"

ಈಗ ಆದಿತ್ಯವಾರ, ಇಗರ್ಜಿ ಬಿಟ್ಟ ಮೇಲೆ
ಹದಿನಾಲ್ಕು ಮೆಟ್ಟಿಲು ಹತ್ತಿ ಬರುತ್ತಾರೆ.
ಪೇಪರಿನಲ್ಲಿ ಸುತ್ತಿದ ನಾಲ್ಕು ಸಾನ್ನಾ.
ಪ್ಲಾಸ್ಟಿಕ್ ಕುರ್ಚಿ ಅವರಿಗೆ, ನೆಲ ನನಗೆ.
ಮಾತು, ಕತ್ತಿ, ಗಾಳಿ, ಗೊರಸು
ಎಲ್ಲವನ್ನೂ ಸೆಟ್ಟಿಂಗಿನಲ್ಲಿ ಸೊನ್ನೆಗಿಳಿಸಿ
ಕುದುರೆಯನ್ನು ಸೇತುವೆಯ ಮೇಲೆ ನಿಲ್ಲಿಸುತ್ತೇನೆ.

ಮೊದಲ ದಿನ ಅವರ ಕಣ್ಣು ವಾಚಿನ ಮೇಲೆ.
ಹದಿನೇಳು ದಾಟಿತು. ನಿಮಿಷ ದಾಟಿತು.
ಚೆಲ್ಲೊ ಹೇಳಿದ್ದನ್ನು ಒಬೊ ತಿರುಗಿ ಕೇಳಿತು.
ಕತ್ತಲಲ್ಲಿ ಅಳಿವೆ ಬಾಗಿಲು ಹುಡುಕುವ ಬೋಟುಗಳಂತೆ
ಹಾರ್ನುಗಳು ದೂರದಿಂದ, ಒಂದಾದ ಮೇಲೊಂದು.
ಆಮೇಲೆ ಹೊಲಿಗೆ ಕಾಣದ ಹಾಗೆ
ಎಲ್ಲ ಮತ್ತೆ ಮೊದಲಿಗೆ.

"ಯಾವಾಗ ನಿಲ್ಲುವುದು?"
"ನಾನು ಹೊರಟರೆ."
"ಅಷ್ಟರ ತನಕ ಕಾಯ್ತಾರಾ?"
"ಹೌದು."
"ಅಷ್ಟೂ ಜನ?"

ನಾನು ಹಾಗೆ ಯೋಚಿಸಿದ್ದಿಲ್ಲ:
ಯಾವುದೋ ಚಳಿ ದೇಶದ ಕೋಣೆಯಲ್ಲಿ
ಎಂಬತ್ತು ಮಂದಿ ಕಮಾನು ಹಿಡಿದು
ಜೆಪ್ಪುವಿನ ಐಸಿನವನೊಬ್ಬನ ಹೆಬ್ಬೆರಳಿಗೆ ಕಾಯುವುದು.

"ಶ್! ಕೇಳಿದಿಯಾ? ಕುರ್ಚಿ ಕಿರ್ ಅಂತು."
ಕೇಳಿರಲಿಲ್ಲ.
"ಹೆಜ್ಜೆ ಇಡಬೇಡ, ಪುತಾ. ಇನ್ನೊಂದು ಸುತ್ತು ಬರಲಿ."
ಬಂತು. ಒಬೊ ಮುಗಿದು, ಹಾರ್ನಿಗೆ ಮೊದಲು,
ಒಂದು ಕೂದಲೆಳೆ: ಕಿರ್.
"ನಾಲ್ಕನೇ ಸಾಲು," ಅಂದರು ಬೊನಾಬ್,
ಊರಿನವನೊಬ್ಬ ಸಿಕ್ಕಿದ ಮುಖ ಮಾಡಿ.

ಮೊನ್ನೆ ಅಲ್ಲಿಗೇ ಬಂದಾಗ ಕರೆಂಟು ಹೋಯಿತು.
ಫ್ಯಾನು ನಿಧಾನವಾಗಿ ನಿಂತಿತು.
ಕತ್ತಲಲ್ಲಿ ಬೊನಾಬ್ ಗುನುಗುತ್ತಿದ್ದರು.
ರಾಗವನ್ನಲ್ಲ, ಅದು ಯಾರಿಗಾದರೂ ಬರುತ್ತದೆ.
ಅದರ ಅಡಿಯದ್ದು:
ಮೂರು ಸ್ವರ, ಒಂದು ಬಿಡುವು, ಪುನಃ ಮೂರು.
ಒಂಟಿಯಾಗಿ ಕೇಳಿದರೆ ಅದಕ್ಕೆ ಅರ್ಥವೇ ಇಲ್ಲ.
ಬಿಡುವು ಬಂದಲ್ಲೆಲ್ಲ
ನನಗೆ ಚೆಲ್ಲೊ ಕೇಳಿಸುತ್ತಿತ್ತು.

ಕರೆಂಟು ಬಂತು. ಆಟ ಮೊದಲಿನಿಂದ:
ಕುದುರೆ ಲಾಯದಲ್ಲಿ, ಸೇತುವೆ ಎಲ್ಲೋ,
ದಾರಿಯಲ್ಲಿ ಕೊಲ್ಲಲು ಸಾಕಷ್ಟು ಜನ.
"ಹೊತ್ತಾಗ್ತದೆ ಬೊನಾಬ್," ಅಂದೆ.
ಅವರು ಸಾನ್ನಾದ ಪೊಟ್ಟಣ ಬಿಚ್ಚಿದರು.
"ಹೋಗು ನೀನು. ನಾನು ಕೂತಿದ್ದೇನೆ."