ನೂಪುಟ್ಟಿನ ಬಿಲ್ಲೆ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಬೆನ್ನಿಗೆ
ನನ್ನ ಮಾವ ಐರಿ ತಮ್ಮಯ್ಯನ ವೆಲ್ಡಿಂಗ್ ಅಂಗಡಿ.
ನನಗಾಗ ಹನ್ನೆರಡು. ಕೆಲಸ ಮೂರು:
ಅರ ಎತ್ತಿಕೊಡುವುದು, ಚಾ ತರುವುದು, ಬೈಸಿಕೊಳ್ಳುವುದು.

ಕೈಲ್‌ಪೊಳ್ದಿಗೆ ಇನ್ನೆರಡು ದಿನ.
ಕತ್ತಿ ಮಸೆಸುವವರ ಸಾಲಿನ ನಡುವೆ
ಅದೇನು ಗ್ರಹಚಾರವೋ, ಒಂದೇ ಬೆಳಗ್ಗೆ
ಒತ್ತುವ ಒರಳು ನಾಲ್ಕು ಬಂದು ಕೂತವು.
ಒಂದರ ತಿರುಪು ಸವೆದಿತ್ತು, ಒಂದರ ಕಾಲು ಸೊಟ್ಟ,
ಒಂದರ ಹಿಡಿ ಇರಲಿಲ್ಲ,
ಇನ್ನೊಂದಕ್ಕೆ ಏನಾಗಿದೆಯೆಂದು
ತಂದವರಿಗೇ ಗೊತ್ತಿರಲಿಲ್ಲ.

ಕರೆಂಟು ಹೋಯಿತು.
ಮಾತು ಬಂತು.

"ನೂಪುಟ್ಟು ನಮ್ಮದು" ಎಂದರು ಚೋಂದವ್ವ,
ಕೊಡೆಯ ತುದಿಯಿಂದ ನೆಲಕ್ಕೆ ಮೊಳೆ ಹೊಡೆದಂತೆ.
"ನಮ್ಮ ಮುತ್ತಜ್ಜಿ ಮುಂಜಾನೆ ಗದ್ದೆಗೆ ಹೋದಾಗ
ಬದುವಿನಲ್ಲಿ ಜೇಡನ ಬಲೆ, ಬಲೆಯ ತುಂಬ ಮಂಜು.
ಇದನ್ನು ತಿನ್ನುವ ಹಾಗಿದ್ದರೆ ಅಂದುಕೊಂಡು
ಮನೆಗೆ ಬಂದು ಅಕ್ಕಿ ನೆನೆಹಾಕಿದರು. ಅಷ್ಟೇ ಕತೆ."

"ಜೇಡ ತಿನ್ನುವುದು ನಿಮ್ಮ ಮನೆಯಲ್ಲಿರಬಹುದು"
ಭಾಗಮಂಡಲದ ಕಡೆಯ ಪೂವಕ್ಕ ನಕ್ಕರು.
"ಒತ್ತುಶ್ಯಾವಿಗೆ ನಾವು ಗೌಡರದ್ದು.
ನಮ್ಮ ಹಲಸಿನ ಮರದ ಒರಳಿನ ಮೇಲೆ
ಅಳಿಯನನ್ನು ಕೂರಿಸಿ ತೂಕ ನೋಡುತ್ತಿದ್ದರು.
ಶ್ಯಾವಿಗೆ ಇಳಿದರೆ ಮದುವೆ ಖಾಯಂ.
ಕಾಯಿಹಾಲಿಲ್ಲದೆ, ಕೋಳಿಸಾರಿಗೆ ಅದ್ದುತ್ತೀರಲ್ಲ,
ಅಲ್ಲೇ ಗೊತ್ತಾಗುತ್ತದೆ ಎರವಲು ತಂದದ್ದೆಂದು!"

ಕುಂಞಾಮಿನ ತಾತ್ತ ಎಲೆಯಡಿಕೆ ಉಗಿದು ಬಂದರು.
"ಮಾಕುಟ್ಟದ ಘಾಟಿ ಹತ್ತಿ ಉಪ್ಪು ಬಂತು, ಒಣಮೀನು ಬಂತು,
ಅದೇ ಎತ್ತಿನ ಬೆನ್ನ ಮೇಲೆ ನಮ್ಮ ನೂಲ್‌ಪುಟ್ಟೂ ಬಂತು.
ಹತ್ತುವಾಗ ದಾರಿ ಕಡಿದು, ಒಂದು 'ಲ್' ಬಿದ್ದುಹೋಯಿತು.
ಉಳಿದದ್ದನ್ನು ನೀವು ಹೆಕ್ಕಿಕೊಂಡು
ನೂಪುಟ್ಟು ಎನ್ನುತ್ತೀರಿ.
ಹೆಕ್ಕಿದ್ದಕ್ಕೆ ಬೇಜಾರಿಲ್ಲ. ಬಿದ್ದ ಲ್ ಮಾತ್ರ ನಮ್ಮದು."

ತೋಟದ ಲೈನಿನ ರಾಜಮಣಿ ಅಲ್ಲಿಯವರೆಗೆ
ಸೆರಗಿನಿಂದ ತನ್ನ ಒರಳು ಒರೆಸುತ್ತಿದ್ದವಳು,
ಮೆಲ್ಲಗೆ ಅಂದಳು:
"ನಮ್ಮವ್ವ ಕಂಡಿಯಿಂದ ಹಡಗು ಹತ್ತುವಾಗ
ಒಬ್ಬರಿಗೆ ಒಂದೇ ಪೆಟ್ಟಿಗೆ ಅಂದರಂತೆ.
ಸೀರೆ ಬಿಟ್ಟಳು. ಇದನ್ನು ಬಿಡಲಿಲ್ಲ."
ಸ್ವಲ್ಪ ಹೊತ್ತು ಯಾರೂ ಏನೂ ಹೇಳಲಿಲ್ಲ.
"ಆದರೂ" ಎಂದರು ಚೋಂದವ್ವ,
"ಹಡಗಿಗಿಂತ ಜೇಡ ಮೊದಲು."

ಆಗ ಮೂಲೆಯ ಸ್ಟೂಲಿನಿಂದ
ಪಿಂಚಣಿಯ ಹವಾಲ್ದಾರ್ ಅಯ್ಯಣ್ಣ ಕೆಮ್ಮಿದರು:
"ನಾನು ಸಿಕ್ಕಿಮಿನಲ್ಲಿ ಆರು ವರ್ಷ ಇದ್ದವ.
ಇದೆಲ್ಲ ಮೂಲದಲ್ಲಿ ಚೀನಾದ್ದು."

ನಾಲ್ಕು ಮನೆ, ನಾಲ್ಕು ಮಾತು, ಒಂದೇ ದನಿ.
ಕೊಡೆ ಎದ್ದಿತು, ಎಲೆಯಡಿಕೆ ಹಾರಿತು,
ಗಡಿಯಲ್ಲಿ ಹಿಂದೆ ಸರಿಯದ ಹವಾಲ್ದಾರರು
ಅವತ್ತು ಚರಂಡಿ ಹಾರಿ
ಮೈಸೂರು ಬಸ್ಸಿನ ಮರೆಗೆ ಸರಿದರು.

ಈಗ ನನ್ನ ವಿಷಯ.
ಈ ಗದ್ದಲದಲ್ಲಿ ನಾನು ನಾಲ್ಕೂ ಒರಳಿನ
ಹಿತ್ತಾಳೆಯ ಬಿಲ್ಲೆಗಳನ್ನು ಬಿಚ್ಚಿ
ಹುಳಿ ಸತ್ತ ಹಳೇ ಕಾಚಂಪುಳಿಯಲ್ಲಿ ನೆನೆಹಾಕಿದ್ದೆ.
ಎತ್ತಿದಾಗ ನಾಲ್ಕೂ ಹೊಳೆದವು.
ನಾಲ್ಕೂ ಅಂಗೈಯಗಲ, ನಾಲ್ಕಕ್ಕೂ ತೂತು.
ಯಾವುದು ಯಾರದ್ದು?
ಕೇಳಿದರೆ ಇನ್ನೊಂದು ಯುದ್ಧ.
ಕೈಗೆ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಕೂರಿಸಿದೆ.
ಪೂವಕ್ಕನದಕ್ಕೆ ಮಾತ್ರ ಅಂಚಿಗೆ
ಸ್ವಲ್ಪ ಅರ ಹಾಕಬೇಕಾಯಿತು.

ಹಬ್ಬ ಕಳೆದು ಒಂದು ವಾರಕ್ಕೆ ಚೋಂದವ್ವ ಬಂದರು.
ಬಾಳೆಲೆಯ ಪೊಟ್ಟಣ, ಬಿಚ್ಚಿದರೆ ಬಿಳಿಯ ಎಳೆ,
ಎಂದಿಗಿಂತ ಒಂದು ಕೂದಲು ಸಪೂರ.
"ತಮ್ಮಯ್ಯ, ಎಂಥ ರಿಪೇರಿ ಮಾಡಿದ್ದೀಯ ಮಾರಾಯ!
ನಮ್ಮ ಮುತ್ತಜ್ಜಿಯ ಕೈ ವಾಪಸು ಬಂದಿದೆ.
ಇನ್ನು ಆ ಪೂವಿ ಬಾಯಿ ತೆಗೆಯಲಿ, ನೋಡುತ್ತೇನೆ."

ಅವರು ಹೋದ ಮೇಲೆ ಮಾವ ಒಂದು ಎಳೆ ಎತ್ತಿ
ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ.
"ಬಿಲ್ಲೆ ಕೂರಿಸಿದ್ದು ನೀನಲ್ಲವಾ?"
ಹೌದೆಂದೆ.
ಎಳೆಯನ್ನು ಬಾಯಿಗೆ ಹಾಕಿಕೊಂಡು
"ಹೋಗು, ಚಾ ತಾ" ಅಂದ.
ಅವತ್ತು ಬೈಯಲಿಲ್ಲ.