ತಲೆಯೆಣಿಕೆ

ನಕ್ಷೆಯಲ್ಲಿ ಹತ್ತೊಂಬತ್ತು ಹಳ್ಳಿ.
ಅರ್ಧಕ್ಕೂ ಹೆಚ್ಚು ಓಕ್ ಕಾಡು,
ಉಳಿದದ್ದು ಹುಲ್ಲು, ಪ್ಲಮ್ ಮರ, ಅತ್ತ ಟರ್ಕಿ.
ಸ್ನೆಜಾನಾ ಪುರಸಭೆಯ ಹಳೇ ಲಾಡಾ ಇಳಿದು
ಪೆನ್ಸಿಲ್ ತುದಿಯನ್ನು ನಾಲಗೆಗೆ ಮುಟ್ಟಿಸಿಕೊಂಡಳು.

ರಾದೋಯ್ ಮನೆಯ ನಡುವೆಯೇ ಗೆರೆ ಹಾದಿದೆ:
ಒಲೆ ಮೇಲಿನ ಲೆಸ್ಕಾದಲ್ಲಿ,
ಹೊಸ್ತಿಲು ಕೆಳಗಿನ ಲೆಸ್ಕಾದಲ್ಲಿ,
ಮಂಚ ಎರಡರಲ್ಲೂ.
ಅವನನ್ನು ಒಂದು ಕಡೆ ಬರೆದರೆ
ಇನ್ನೊಂದು ಊರು ಸೊನ್ನೆ.

"ಅರ್ಧ ಅರ್ಧ ಬರಿ," ಅಂದ.
ಅವಳು ಲೊಚಗುಟ್ಟಿ ಗದ್ದ ಮೇಲೆತ್ತಿದಳು;
ಈ ಸೀಮೆಯಲ್ಲಿ ಹಾಗೆಂದರೆ ಇಲ್ಲ.
"ತಲೆಯೆಣಿಕೆಯಪ್ಪಾ ಇದು. ಮಲಗಿದಾಗ ತಲೆ ಎತ್ತ?"

"ಚಳಿಗಾಲದಲ್ಲಿ ಒಲೆಯತ್ತ.
ಬೇಸಿಗೆಯಲ್ಲಿ ಬಾಗಿಲತ್ತ, ನರಿ ಬಂದರೆ ಕೇಳಬೇಕಲ್ಲ,
ಕೋಳಿ ಇವೆ."

ಅವಳು ಕಿಟಕಿಯಾಚೆ ನೋಡಿದಳು.
ಸೆಪ್ಟೆಂಬರ್ ಏಳು.
ಕೊಕ್ಕರೆಗಳು ಹೊರಟುಹೋಗಿವೆ,
ಒಲೆ ಇನ್ನೂ ಹೊತ್ತಿಸಿಲ್ಲ.